ಬೇಡಲು ಬಾರದ ಸಂಘ

ಸ್ಕೋರೊಯಾ ದ್ವೀಪದಲ್ಲಿ ಯಾರಾದರೂ ಕಡಲಿಗೆ ಬಿದ್ದರೆ ಮೊದಲು ಬರುವುದು ಸರ್ಕಾರದ ಹೆಲಿಕಾಪ್ಟರ್. ಒಂದು ದಿನ, ಹೆಚ್ಚೆಂದರೆ ಎರಡು ದಿನ ಸುತ್ತುತ್ತದೆ. ಬದುಕಿರುವ ಆಸೆ ಇಲ್ಲವೆಂದು ಖಾತ್ರಿಯಾದ ಮೇಲೆ ಹೊರಟುಹೋಗುತ್ತದೆ. ಅದರ ತಪ್ಪೇನಿಲ್ಲ, ಬದುಕಿದವರನ್ನು ಎತ್ತುವುದು ಅದರ ಕೆಲಸ. ಸತ್ತವರನ್ನು ಹುಡುಕುವುದು ಗುನ್ವೊರ್ ಮತ್ತು ಅವಳ ಸಂಘದ ಕೆಲಸ.

ದ್ವೀಪಕ್ಕೆ ಸೇತುವೆ ಬರುವ ಮುಂಚೆ ಗುನ್ವೊರ್ ಲಾರಿ ದಾಟಿಸುವ ಫೆರಿಯಲ್ಲಿ ಸ್ವೇಲೆ ಬೇಯಿಸಿ ಮಾರುತ್ತಿದ್ದಳು. ದಪ್ಪ ದೋಸೆಯಂಥ ಆ ಸ್ವೇಲೆಗೆ ಬೆಣ್ಣೆ ಸಕ್ಕರೆ ಸವರಿ ಕೊಟ್ಟರೆ ಲಾರಿ ಚಾಲಕರು ಎರಡೆರಡು ತಿನ್ನುತ್ತಿದ್ದರು. ಅವಳ ತಮ್ಮ ಐಲಿಫ್ ಏಡಿಯ ಬುಟ್ಟಿ ಎತ್ತಲು ಹೋಗಿ ಮುಳುಗಿದಾಗ ಹೆಲಿಕಾಪ್ಟರ್ ಬಂದು ಹೋಯಿತು. ಮಾಗ್ನಾರ್ ಬಿಟ್ಟು ಹೋಗಲಿಲ್ಲ. ಆಗ ಅವನು ನಡುವಯಸ್ಸಿನ ಮೀನುಗಾರ, ಸಂಘದ ಅಧ್ಯಕ್ಷ. ಬಾವಿಗೆ ಬಿದ್ದ ಕೊಡ ಎತ್ತುವ ಪಾತಾಳಗರಡಿಯಂಥದೇ, ಅದಕ್ಕಿಂತ ಉದ್ದದ ಕೊಕ್ಕೆಗಳನ್ನು ದೋಣಿಯ ಹಿಂದೆ ಎಳೆಯುತ್ತ, ಸಾಲು ಸಾಲಾಗಿ ಕಡಲನ್ನು ಹೊಲದ ಹಾಗೆ ಉತ್ತ. ಕೊನೆಗೆ ಒಂದು ಮಧ್ಯಾಹ್ನ ಐಲಿಫನನ್ನು ಮೇಲಕ್ಕೆ ತಂದ. ತಮ್ಮನ ಮುಖದ ಮೇಲೆ ತನ್ನ ಕೋಟನ್ನು ಹೊದಿಸಿಯೇ ದಡಕ್ಕೆ ಬಂದಿದ್ದ. ಅಂದಿನಿಂದ ಗುನ್ವೊರ್ ಸಂಘದ ಕಾರ್ಯದರ್ಶಿ. ಮಾಗ್ನಾರನ ಮಾತಿಗೆ ಅವಳು ಎದುರಾಡಿದ್ದನ್ನು ದ್ವೀಪದಲ್ಲಿ ಯಾರೂ ಕಂಡಿಲ್ಲ.

ಸಂಘದಲ್ಲಿ ಸಂಬಳ ಯಾರಿಗೂ ಇಲ್ಲ. ಡೀಸೆಲ್ಲಿಗೆ ಲಾಟರಿ ಚೀಟಿ ಮಾರುತ್ತಾರೆ, ಬಹುಮಾನ ಉಪ್ಪು ಸವರಿ ಒಣಗಿಸಿದ ಹಂದಿಯ ತೊಡೆ ಒಂದು. ಮಿಕ್ಕಿದ್ದೆಲ್ಲ ಕೈಗೆ ಕೈ ಸೇರಿಸಿ ಮಾಡುವ ಕೆಲಸ. ದೋಣಿ ನಿಲ್ಲಿಸುತ್ತಿದ್ದ ದೋಣಿಮನೆಯೂ ಹಾಗೇ ಬಂದದ್ದು. ಜಲಸಂಧಿಯ ಬಾಯಲ್ಲೇ ಹಾಲ್ವಾರ್ ಎಂಬ ರೈತನ ಜಾಗ ಇತ್ತು. ಅವನು ತನ್ನ ಅಡುಗೆಮನೆಯಲ್ಲಿ ಕೂತು, "ಸಂಘ ಇರೋ ತನಕ ಅದು ನಿಮ್ದೇ" ಎಂದು ಮಾಗ್ನಾರನ ಕೈ ಕುಲುಕಿದ. ಕಾಗದ ಬರೆಯೋಣ ಎಂದಿದ್ದರೆ ಇಬ್ಬರಿಗೂ ಅವಮಾನವಾಗುತ್ತಿತ್ತು. ಆ ಜಾಗದ ಬೆಲೆ ಜಾಗದಲ್ಲಿರಲಿಲ್ಲ, ನೀರಿನಲ್ಲಿತ್ತು. ಮುಳುಗಿದವರು ಮೊದಲು ಮುಳುಗಿದ ಕಡೆಯೇ ಇರುತ್ತಾರೆ. ಉಬ್ಬರ ತಿರುಗಿ ಜಲಸಂಧಿಯ ನೀರು ಹೊರಗೆ ಓಡತೊಡಗಿತೋ, ಆಮೇಲೆ ತೆರೆದ ಕಡಲಿಗೆ ಸೇರಿದವರನ್ನು ಯಾರ ಕೊಕ್ಕೆಯೂ ಮುಟ್ಟುವುದಿಲ್ಲ. ದೋಣಿಮನೆಯ ಹಳಿಯ ಮೇಲಿಂದ ದೋಣಿ ಜಾರಿಸಿದರೆ ಒಂದು ಸಿಗರೇಟು ಮುಗಿಯುವುದರೊಳಗೆ ಅಲ್ಲಿರಬಹುದಿತ್ತು.

ಹಾಲ್ವಾರ್ ಸತ್ತ. ಮಕ್ಕಳು ದಡವನ್ನು ಮಾರಿದರು. ಕೊಂಡವನಿಗೆ ಅಲ್ಲಿ ಪ್ರವಾಸಿಗರಿಗೆ ಗಾಜಿನ ಗೋಡೆಯ ಕುಟೀರ ಕಟ್ಟಬೇಕಿತ್ತು. ಬೇಸಿಗೆ ಕಳೆಯುವುದರೊಳಗೆ ದೋಣಿ ತೆಗೆಯಿರಿ ಎಂದು ಮರ್ಯಾದೆಯಿಂದಲೇ ಹೇಳಿಕಳಿಸಿದ. ಪೇಟೆಯ ವಕೀಲನೊಬ್ಬ ಗುನ್ವೊರಳಿಗೆ, "ಇಷ್ಟು ವರ್ಷ ನಿಮ್ದು ಅಂತ ನಂಬಿ ಬಳಸಿದೀರಲ್ಲ, ಹಕ್ಕು ಕೇಳಬಹುದು. ಆದ್ರೆ ಕೋರ್ಟಿಗೆ ಹೋಗ್ಬೇಕು. ನನ್ನ ಫೀಸು ಕೇಳಿದ್ರೆ ನೀವೇ ಸಮುದ್ರಕ್ಕೆ ಹಾರ್ತೀರಿ" ಎಂದ. ಅವನೇ ದಾರಿಯನ್ನೂ ತೋರಿಸಿದ. ಬೆರ್ಗೆನ್ ನಗರದಲ್ಲಿ ದೊಡ್ಡ ದೊಡ್ಡ ವಕೀಲರು ಸೇರಿ ಒಂದು ಯೋಜನೆ ನಡೆಸುತ್ತಿದ್ದರು. ಲಾಭಕ್ಕಲ್ಲದ ಸಂಘಗಳಿಗೆ ಹಣದ ಬದಲು ತಮ್ಮ ಕೆಲಸವನ್ನೇ ಅನುದಾನವಾಗಿ ಕೊಡುವುದು, ಕೋರ್ಟಿನ ಕೊನೆಯ ದಿನದವರೆಗೂ ಪುಕ್ಕಟೆ. ಆದರೆ ಅದಕ್ಕೆ ಅರ್ಹರಾಗಬೇಕು.

ಅರ್ಹತೆ ಎಂಬುದು ಒಂದು ಬಾಗಿಲಲ್ಲ, ಬಾಗಿಲ ಹಿಂದೆ ಬಾಗಿಲು. ಸಂಘ ನೋಂದಣಿ ಆಗಿರಬೇಕು, ಆಗಿತ್ತು. ಮೂರು ವರ್ಷದ ಲೆಕ್ಕ ಪರಿಶೋಧನೆ ಆಗಿರಬೇಕು. ಶಾಲೆಯ ಗಣಿತದ ಮೇಷ್ಟ್ರು ಮಾಡಿಕೊಟ್ಟರು. ಚರ್ಚಿಗಾಗಲಿ ಪಕ್ಷಕ್ಕಾಗಲಿ ಸೇರಿರಬಾರದು. ವಕೀಲರು ಕೇಳಿದಾಗ ಕೇಳಿದ್ದನ್ನು ಒದಗಿಸಲು ಕೆಲಸ ಮುಗಿಯುವವರೆಗೂ ಒಬ್ಬರು ನಿಲ್ಲಬೇಕು. ಪುಕ್ಕಟೆ ಕೊಡುವವರ ಸಮಯ ಪೋಲಾಗಬಾರದಲ್ಲ. ಗುನ್ವೊರ್ ತನ್ನ ಹೆಸರು ಬರೆದಳು. ಸಂಘದ ಉಪಯೋಗ ಸದಸ್ಯರಿಗೆ ಮಾತ್ರವಲ್ಲದೆ ಊರಿಗೆಲ್ಲ ಆಗಬೇಕು, ವರ್ಷಕ್ಕೆ ಎಷ್ಟು ಜನರಿಗೆ ಆಗುತ್ತದೆ ತಿಳಿಸಿ ಎಂದಿತ್ತು. ಅಲ್ಲಿ ಬಂದು ಅವಳ ಪೆನ್ನು ನಿಂತಿತು.

"ಸತ್ತೋರನ್ನ ಎಣಿಸೋದಾ, ಅತ್ತೋರನ್ನ ಎಣಿಸೋದಾ?" ಎಂದು ಮಾಗ್ನಾರ್ ಕಾಫಿ ಹೀರುತ್ತ ಕೇಳಿದ. ಎಂಬತ್ತು ಸಮೀಪಿಸಿದ್ದ ಮುದುಕನಿಗೆ ಈ ಕಾಗದಪತ್ರದ ಗಲಾಟೆಯೆಲ್ಲ ತಮಾಷೆ.

"ನೀನು ಸುಮ್ನೆ ಕೂತ್ಕೊ ಮಾರಾಯ. ಅತ್ತೋರನ್ನೇ ಬರೀತೀನಿ."

"ಹಾಗಾದ್ರೆ ಸೊನ್ನೆ ಬರಿ. ಈ ದ್ವೀಪದಲ್ಲಿ ಯಾರು ಅಳ್ತಾರೆ ಎದುರಿಗೆ?"

ಅವನು ಹೇಳಿದ್ದು ನಿಜ. ಸ್ಕೋರೊಯಾದವರು ಹಲ್ಲುನೋವು ಬಂದರೂ ಪರವಾಗಿಲ್ಲ ಅನ್ನುತ್ತಾರೆ, ಹೆಣದ ಪೆಟ್ಟಿಗೆ ಹೊರುವಾಗಲೂ ಹವೆಯ ಮಾತಾಡುತ್ತಾರೆ. ಅತ್ತರೆ ತಾನೇ ತಾಯಿ ಹಾಲು ಕೊಡುವುದು ಎನ್ನುವ ಗಾದೆ ಅವರ ತೊಟ್ಟಿಲಿಗೆ ಬರಲೇ ಇಲ್ಲ. ಅಲ್ಲಿ ಅಳದ ಕೂಸನ್ನೇ ಜಾಣ ಕೂಸು ಅನ್ನುವುದು. ಈ ಕತೆ ಹೇಳುವ ನನಗೆ ಅವರ ಮೇಲೆ ಎಷ್ಟು ಪ್ರೀತಿಯೋ ಅಷ್ಟೇ ಸಿಟ್ಟು, ಎರಡಕ್ಕೂ ಕಾರಣ ಇದೊಂದೇ.

ಕಾಗದದ ಬಾಗಿಲೆಲ್ಲ ದಾಟಿದರು. ಗುನ್ವೊರ್ ಮನೆಯಲ್ಲಿ ಒಬ್ಬಳೇ ಇದ್ದಾಗ ನಕ್ಕಳು, ಅಷ್ಟು ನಿರಾಳವಾಗಿತ್ತು. ಉಳಿದದ್ದು ಕೊನೆಯದೊಂದು: ಅಧ್ಯಕ್ಷ, ಕಾರ್ಯದರ್ಶಿ ಇಬ್ಬರ ಜೊತೆಯೂ ಫೋನಿನಲ್ಲಿ ಮಾತು. ಆ ಸಲ ಹದಿನೇಳು ಸಂಘಗಳು ಕೇಳಿದ್ದವು, ಇದ್ದದ್ದು ನಾಲ್ಕಕ್ಕೆ ಮಾತ್ರ. ಯಾರಿಗೆ ತೀರಾ ಅಗತ್ಯವೋ ಅವರಿಗೆ.

ಏಪ್ರಿಲಿನಲ್ಲಿ ಬೆರ್ಗೆನ್ನಿನಿಂದ ಫೋನು ಮಾಡಿದವಳು ಸಿಲಿಯೆ ಎಂಬ ಯುವತಿ, ಯೋಜನೆಯ ಸಂಚಾಲಕಿ. ಮೇಜಿನ ಮೇಲಿಟ್ಟ ಫೋನಿನ ಎರಡು ಬದಿಗೆ ಮಾಗ್ನಾರ್ ಮತ್ತು ಗುನ್ವೊರ್ ಕೂತಿದ್ದರು. ಮಾಗ್ನಾರ್ ಈ ಮಾತುಕತೆಗೆಂದೇ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದ.

"ನಿಮ್ಮ ಅರ್ಜಿ ಓದಿ ನಂಗೆ ತುಂಬಾ ಗೌರವ ಬಂತು" ಎಂದಳು ಸಿಲಿಯೆ. "ಅಷ್ಟು ಜನರನ್ನ ಅವರವರ ಮನೆಗೆ ತಲುಪಿಸಿದೀರಿ."

"ಅಯ್ಯೋ, ದೋಣಿ ಇದೆ, ಹೋಗ್ತೀವಿ. ಅದೇನು ದೊಡ್ಡದಲ್ಲ ಬಿಡಿ" ಎಂದ ಮಾಗ್ನಾರ್.

ಗುನ್ವೊರ್ ಮೇಜಿನ ಕೆಳಗೆ ಅವನ ಕಾಲು ತುಳಿದಳು. ಅವನದು ದಪ್ಪ ಹಿಮದ ಬೂಟು, ತಿಳಿಯಲಿಲ್ಲ.

"ನಾನು ನೇರವಾಗೇ ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನಾವು ವಕೀಲರನ್ನ ಕೊಡಲಿಲ್ಲ, ದೋಣಿಮನೆ ಹೋಯ್ತು ಅಂದ್ಕೊಳ್ಳಿ. ಆಗ ಸಂಘದ ಗತಿ?"

ಹೊರಗೆ ಕಡಲಹಕ್ಕಿಗಳು ಕಿರುಚುತ್ತಿದ್ದವು. ಆ ಪ್ರಶ್ನೆಗೆ ಉತ್ತರ ಮೂರೇ ಮಾತಿನದು: ನಾವು ಮುಳುಗಿ ಹೋಗ್ತೀವಿ. ಆ ಮಾತು ಗುನ್ವೊರಳ ಗಂಟಲವರೆಗೆ ಬಂದಿತ್ತು.

"ಹೇಗೋ ನಿಭಾಯಿಸ್ತೀವಿ" ಎಂದ ಮಾಗ್ನಾರ್. "ದೋಣಿನ ಬೇರೆ ಕಡೆ ಎಲ್ಲಾದ್ರೂ ಇಡಬಹುದು. ನಿಮಗೆ ಯಾಕೆ ಸುಮ್ನೆ ತೊಂದ್ರೆ. ನಮಗಿಂತ ಕಷ್ಟದಲ್ಲಿರೋರು ಇರ್ತಾರೆ."

"ಗುನ್ವೊರ್, ನಿಮಗೂ ಹಾಗೇ ಅನ್ಸುತ್ತಾ?"

ಅವಳು ಮಾಗ್ನಾರನ ಕಡೆ ನೋಡಿದಳು. ತಮಗೆಂದು ಬೇಡಿಕೊಳ್ಳದೆ ಮಾತಾಡಿದೆ ಎಂಬ ಸಮಾಧಾನದಲ್ಲಿ ಅವನು ನೆಟ್ಟಗೆ ಕೂತಿದ್ದ. ತಮ್ಮನನ್ನು ಎತ್ತಿಕೊಟ್ಟ ಕೈಗಳು ಮೇಜಿನ ಮೇಲಿದ್ದವು. ಪರವೂರಿನ ಹುಡುಗಿಯ ಕಿವಿಗೆ ಬೀಳುವಂತೆ, ಈ ಮುದುಕ ಹೇಳಿದ್ದು ಸುಳ್ಳು ಎನ್ನಬೇಕಿತ್ತು.

"ಹೌದು. ಇಲ್ಲೀತನಕ ನಿಭಾಯಿಸಿದೀವಲ್ಲ" ಎಂದಳು.

ಎರಡು ದಿನ ಅವಳಿಗೆ ಊಟ ಸೇರಲಿಲ್ಲ. ಏನಾದರೂ ಸೇರಿಸುವುದಿದ್ದರೆ ಶುಕ್ರವಾರದೊಳಗೆ ಫೋನು ಮಾಡಿ ಎಂದಿದ್ದಳು ಸಿಲಿಯೆ. ಗುನ್ವೊರ್ ಹೇಳಬೇಕಾದ್ದನ್ನು ಕೊಟ್ಟಿಗೆಯಲ್ಲಿ ಕುರಿಗಳ ಎದುರು ಗಟ್ಟಿಯಾಗಿ ಹೇಳಿ ಅಭ್ಯಾಸ ಮಾಡಿದಳು. ಆ ಮನೆ ಹೋದರೆ ನಾವು ಹೊತ್ತಿಗೆ ತಲುಪುವುದಿಲ್ಲ. ಹೊತ್ತಿಗೆ ತಲುಪದಿದ್ದರೆ ನಾವು ಇದ್ದೂ ಇಲ್ಲದ ಹಾಗೆ. ದಯವಿಟ್ಟು ಕೊಡಿ. ಕುರಿಗಳ ಎದುರು ದಯವಿಟ್ಟು ಎನ್ನಲೂ ಅವಳ ಮುಖ ಕೆಂಪಾಯಿತು. ಶುಕ್ರವಾರ ಬೆಳಿಗ್ಗೆ ಫೋನು ಹಚ್ಚಿದಳು.

"ಹೇಳಿ ಗುನ್ವೊರ್, ಏನಾದ್ರೂ ಸೇರಿಸ್ಬೇಕಿತ್ತಾ?" ಎಂದಳು ಸಿಲಿಯೆ. ದನಿಯಲ್ಲಿ ಆಸೆ ಇತ್ತು; ಪಾಪ, ಆ ಹುಡುಗಿ ಕಾಯುತ್ತಲೇ ಇದ್ದಳೋ ಏನೋ.

"ಇಲ್ಲ ಇಲ್ಲ. ಮೊನ್ನೆ ಅಷ್ಟು ಚೆನ್ನಾಗಿ ಮಾತಾಡಿದ್ರಲ್ಲ, ಅದಕ್ಕೆ ಥ್ಯಾಂಕ್ಸ್ ಹೇಳೋಣ ಅಂತ ಮಾಡ್ದೆ."

"ಅಷ್ಟೇನಾ?"

"ಅಷ್ಟೇ."

ಭೇಟಿಯಾದವರಿಗೆ, ಮಾತಾಡಿದವರಿಗೆ ಆಮೇಲೊಮ್ಮೆ ಧನ್ಯವಾದ ಹೇಳುವುದು ಆ ದೇಶದ ಸಂಪ್ರದಾಯ. ಅದು ಬಾಯಿಪಾಠವಾಗಿದ್ದದ್ದರಿಂದ ಅದೇ ಮೊದಲು ಹೊರಬಂತು, ಬಂದು ಬಾಗಿಲಿಗೆ ಅಡ್ಡ ನಿಂತಿತು. ಗುನ್ವೊರ್ ಫೋನಿಟ್ಟು ತನ್ನ ಕೆನ್ನೆಗೆ ತಾನೇ ಹೊಡೆದುಕೊಂಡಳು.

ಅನುದಾನ ಬೇರೆ ನಾಲ್ಕು ಸಂಘಗಳಿಗೆ ಹೋಯಿತು. ಹೊಡೆತ ತಿಂದ ಹೆಂಗಸರ ಆಶ್ರಯಮನೆ ಒಂದು, ಕುರುಡರ ಗ್ರಂಥಾಲಯ ಒಂದು, ಯಾರನ್ನೂ ಬಯ್ಯುವಂತಿರಲಿಲ್ಲ. ನಿಮ್ಮದು ಅರ್ಹ ಸಂಘವೇ, ಆದರೆ ಬೇರೆ ದಾರಿ ಇದೆಯೆಂದು ನೀವೇ ತಿಳಿಸಿದ್ದರಿಂದ ಅಗತ್ಯದ ಅಂಕ ಕಡಿಮೆಯಾಯಿತು ಎಂದು ಸಿಲಿಯೆ ಬರೆದಿದ್ದಳು. ಮಾಗ್ನಾರ್ ಅದನ್ನು ಓದಿಸಿ ಕೇಳಿ, "ಒಳ್ಳೇದೇ ಆಯ್ತು, ಆ ಹೆಂಗಸರಿಗೆ ಬೇಕಿತ್ತು" ಎಂದ. ಆಮೇಲೆ ಕಿಟಕಿಯ ಕಡೆ ತಿರುಗಿ ಬಹಳ ಹೊತ್ತು ಕೂತ. ಮುದುಕನಿಗೆ ಅರ್ಥವಾಗಿಲ್ಲ ಎಂದುಕೊಂಡರೆ ನಾವೇ ಮೂರ್ಖರು.

ಬೇಸಿಗೆ ಮುಗಿಯುವುದರೊಳಗೆ ದೋಣಿಯನ್ನು ಯೊಸ್ತೈನ್ ಎಂಬ ರೈತನ ಹೊಲಕ್ಕೆ ಎಳೆದು ತಾಡಪಾಲು ಹೊದಿಸಿದರು. ನೀರಿಗಿಳಿಸಬೇಕಾದರೆ ಟ್ರ್ಯಾಕ್ಟರು ಬೇಕು, ಒಳ ಕೊಲ್ಲಿಯ ಇಳಿಜಾರಿನವರೆಗೆ ಎಳೆಯಬೇಕು, ಅಲ್ಲಿಯೂ ಉಬ್ಬರ ಇದ್ದರೆ ಮಾತ್ರ ದೋಣಿ ತೇಲುತ್ತದೆ. ಹಳೆಯ ದೋಣಿಮನೆಯನ್ನು ಕೆಡವಿದರು.

ನವೆಂಬರಿನಲ್ಲಿ ವಿದಾಸ್ ಕಡಲಿಗೆ ಬಿದ್ದ. ಮೀನು ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದ ಲಿಥುವೇನಿಯಾದವನು. ರಜೆಯ ದಿನ ಬಾಡಿಗೆಯ ಸಣ್ಣ ದೋಣಿಯಲ್ಲಿ ಕಾಡ್ ಮೀನು ಹಿಡಿಯಲು ಹೋಗಿ, ಜಲಸಂಧಿಯ ಬಾಯಲ್ಲಿ, ದೋಣಿಮನೆ ಇದ್ದ ಜಾಗದ ಎದುರಿಗೇ. ಅವನ ಕಿತ್ತಳೆ ಬಣ್ಣದ ಟೋಪಿ ತೇಲುತ್ತಿದ್ದುದನ್ನು ಕುಟೀರ ಕಟ್ಟುವ ಬಡಗಿಗಳು ಕಂಡರು. ಉಬ್ಬರ ನಿಂತ ಹೊತ್ತು, ನೀರು ಎಣ್ಣೆಯ ಹಾಗೆ ಕದಲದೆ ಇತ್ತು. ಹೆಲಿಕಾಪ್ಟರ್ ಬಂದು ಮೇಲೆ ಮೇಲೆ ಸುತ್ತಿತು. ತಳದಲ್ಲಿರುವವನು ಅದಕ್ಕೆ ಕಾಣುವುದಿಲ್ಲ.

ಸುದ್ದಿ ಸಿಕ್ಕ ಕೂಡಲೇ ಗುನ್ವೊರ್ ಹೊಲಕ್ಕೆ ಓಡಿದಳು. ಯೊಸ್ತೈನ್ ಕುರಿ ಸಾಗಿಸಲು ಸೇತುವೆಯಾಚೆ ಹೋಗಿದ್ದ, ಟ್ರ್ಯಾಕ್ಟರೂ ಅವನ ಜೊತೆ ಹೋಗಿತ್ತು. ಫೋನು ಮಾಡಿದರು, ಅವನು ಬರುತ್ತಿದ್ದೇನೆ ಎಂದ. ಮಾಗ್ನಾರ್ ಬಂದು ತಾಡಪಾಲು ಬಿಚ್ಚಿ, ದೋಣಿಯ ಅಂಚನ್ನು ಹಿಡಿದು ನಿಂತುಕೊಂಡ. ನೋಡನೋಡುತ್ತಿದ್ದಂತೆ ಕೆಳಗೆ ಕೊಲ್ಲಿಯಲ್ಲಿ ನೀರು ಇಳಿಯತೊಡಗಿತು. ಹಾವಸೆ ಹಿಡಿದ ಬಂಡೆಗಳು ಒಂದೊಂದಾಗಿ ಎದ್ದವು.

ಆಗ ವಿದಾಸನ ಹೆಂಡತಿ ದೈವಾ ಬಂದಳು. ಕಾರ್ಖಾನೆಯ ಬಿಳಿ ಏಪ್ರನ್ನು, ರಬ್ಬರು ಬೂಟು, ಮೀನಿನ ಹುರುಪೆ ಅಂಟಿದ ಕೈ. ಸಂಘದ ದೋಣಿ ಇಲ್ಲಿದೆ ಎಂದು ಯಾರೋ ಹೇಳಿದ್ದರು. ಅರೆಬರೆ ಕಲಿತ ಅಲ್ಲಿನ ಭಾಷೆಯಲ್ಲಿ ಅವಳು ಕೇಳಿದಳು.

"ನೀವು ಹುಡುಕೋರಾ? ದೋಣಿ ಇದೇನಾ?"

"ಹೌದಮ್ಮ."

"ಮತ್ತೆ ದೋಣಿ ಯಾಕೆ ದನ ಮೇಯೋ ಕಡೆ ಇದೆ?"

ದೈವಾ ಗುನ್ವೊರಳ ಎರಡೂ ಕೈ ಹಿಡಿದುಕೊಂಡಳು. ಅಳು ಬರುತ್ತಿತ್ತು, ಮರೆಮಾಚಲಿಲ್ಲ. ಮೂಗು ಸುರಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಕೆಸರಿನಲ್ಲಿ ಮೊಣಕಾಲೂರಿ ಕೂತೇಬಿಟ್ಟಳು.

"ಹುಡುಕಿ ಕೊಡಿ. ದಮ್ಮಯ್ಯ. ಏನು ಬೇಕಾದ್ರೂ ಮಾಡ್ತೀನಿ, ಕಾಲು ಹಿಡೀತೀನಿ. ಅವನನ್ನ ಹಾಗೆ ಬಿಡೋಕಾಗಲ್ಲ ನಂಗೆ. ನಂಗೆ ಅವನು ಬೇಕು."

ಬೇಡುವುದು ಎಂದರೆ ಇಷ್ಟೇ. ಇಷ್ಟು ಸುಲಭ, ಇಷ್ಟು ಮಾನದ ಕೆಲಸ. ಗಂಡನಿಗಾಗಿ ಈ ಹೆಂಗಸು ಬೇಡುತ್ತಿರುವ ಮಾತನ್ನು, ಈ ಹೆಂಗಸಿಗಾಗಿಯೇ ಗುನ್ವೊರ್ ಏಪ್ರಿಲಿನಲ್ಲಿ ಬೇಡಬೇಕಿತ್ತು. ಬೆಚ್ಚಗಿನ ಕೋಣೆಯಲ್ಲಿ ಕೂತು, ಕೇಳಲೆಂದೇ ಕಾದಿದ್ದ ಒಬ್ಬಳಿಗೆ ಹೇಳಿದ್ದರೆ ಸಾಕಿತ್ತು.

ಟ್ರ್ಯಾಕ್ಟರು ಬರುವಷ್ಟರಲ್ಲಿ ಬಂಡೆಗಳ ನಡುವೆ ನೀರೇ ಇರಲಿಲ್ಲ. ಮುಂದಿನ ಉಬ್ಬರಕ್ಕೆ ದೋಣಿ ಇಳಿಸಿದರು. ಕ್ರಿಸ್ಮಸ್ಸಿಗೂ ಬಿಡುವು ಕೊಡದೆ ಸಾಲು ಸಾಲು ಎಳೆದರು, ಮಾಗ್ನಾರ್ ಒಂದು ದಿನವೂ ದಡದಲ್ಲಿ ಉಳಿಯಲಿಲ್ಲ. ಕೊಕ್ಕೆಗೆ ಹಾವಸೆ ಬಂತು, ಹಳೆಯ ಬಲೆ ಬಂತು, ವಿದಾಸ್ ಬರಲಿಲ್ಲ. ಜನವರಿಯಲ್ಲಿ ದೈವಾ ತನ್ನ ದೇಶಕ್ಕೆ ಹೊರಟಳು. ಅವಳ ಅತ್ತೆ ಊರಿನಲ್ಲಿ ಹೆಣದ ಪೆಟ್ಟಿಗೆ ಮಾಡಿಸಿಟ್ಟು ಕಾಯುತ್ತಿದ್ದಳಂತೆ. ಬಸ್ಸು ಹತ್ತುವ ಮುಂಚೆ ದೈವಾ ಗುನ್ವೊರಳನ್ನು ಒಂದೇ ಒಂದು ಮಾತು ಕೇಳಿದಳು. ಅದರಲ್ಲಿ ಸಿಟ್ಟಿರಲಿಲ್ಲ, ಗೊತ್ತಿರುವವರ ಹತ್ತಿರ ವಿಚಾರಿಸುವ ಧಾಟಿ ಇತ್ತು.

"ನಿಮ್ಮ ಕಡೆ ಸಿಗದೇ ಇದ್ದೋರ ಪೆಟ್ಟಿಗೇಲಿ ಏನಿಡ್ತಾರೆ?"