ಕಾದಂಬರಿ ಮುಗಿಸಲು ಕೇಳಿದ ರಜೆ

ನಮ್ಮ ಆಫೀಸಿನವರ ಅಮ್ಮಂದಿರಿಗೆ ಆಗಾಗ ಹುಷಾರು ತಪ್ಪುತ್ತದೆ. ಬಕ್ರೀದ್ ಹತ್ತಿರ ಬಂದರೆ ಇನ್ನೂ ಜಾಸ್ತಿ.

ರಿಯಾದಿನ ಒಲಾಯಾ ಬಡಾವಣೆಯಲ್ಲಿ ಕಂಪನಿಯೊಂದರ ಎಚ್ಆರ್ ಮೇಜು ನನ್ನದು. ರಜೆ ಅರ್ಜಿಗಳೆಲ್ಲ ನನ್ನನ್ನು ದಾಟಿಯೇ ಹೋಗಬೇಕು. ‘ತಾಯಿಗೆ ಅನಾರೋಗ್ಯ’ ಎಂದು ಬರೆದರೆ ಸಾಹೇಬರು ಕಣ್ಣುಮುಚ್ಚಿ ಸಹಿ ಹಾಕುತ್ತಾರೆ. (ಗುಟ್ಟು ಎಲ್ಲರಿಗೂ ಗೊತ್ತು. ಸಾಹೇಬರಿಗೂ.)

ಮೊನ್ಸೆಫ್ ಒಬ್ಬನಿಗೆ ಮಾತ್ರ ಆ ಸುಳ್ಳು ಬರೆಯಲು ಆಗಲಿಲ್ಲ. ಟ್ಯುನೀಷಿಯಾದವನು, ನಮ್ಮಲ್ಲಿ ಅನುವಾದಕ. ಊರಿನಲ್ಲಿದ್ದಾಗ ಫ್ರೆಂಚಿನಲ್ಲಿ ಎರಡು ಕಾದಂಬರಿ, ಒಂದು ಕಥಾಸಂಕಲನ ಬರೆದವನಂತೆ. ಇಲ್ಲಿಗೆ ಬಂದ ಮೇಲೆ ಬರೀ ಟೆಂಡರ್ ಕಾಗದ. ಇದೆಲ್ಲ ನನಗೆ ಗೊತ್ತಾದದ್ದೇ ಅವನ ಅರ್ಜಿಯಿಂದ. ಸಂಬಳವಿಲ್ಲದೆ ಎರಡು ತಿಂಗಳ ರಜೆ ಕೇಳಿದ್ದ. ಕಾರಣ: ‘ಮೂರನೇ ಕಾದಂಬರಿ ಮುಗಿಸಲು’.

ನಾನು ನಕ್ಕುಬಿಟ್ಟೆ. “ಇದೆಂತ ಮಾರಾಯ? ಅಮ್ಮನಿಗೆ ಹುಷಾರಿಲ್ಲ ಅಂತ ಬರಿ” ಎಂದೆ. (ನನ್ನ ಇಂಗ್ಲಿಷಿನಲ್ಲೂ ಮಾರಾಯ ಇರುತ್ತಾನೆ.)

“ಅಮ್ಮ ಗಟ್ಟಿಯಾಗಿದ್ದಾಳೆ. ಅದಕ್ಕೇ ಈಗ ಹೋಗಬೇಕು. ಕಾದಂಬರಿ ಅವಳದ್ದೇ ಕಥೆ. ಅವಳು ಹೇಳಬೇಕು, ನಾನು ಬರೀಬೇಕು.”

“ಫೋನಲ್ಲಿ ಕೇಳು.”

“ಫೋನಲ್ಲಿ ಅವಳು ಊಟ ಆಯ್ತಾ ಅಂತ ಮಾತ್ರ ಕೇಳ್ತಾಳೆ.”

ಶಿಫಾರಸಿನ ಜಾಗದಲ್ಲಿ ನಾನೊಂದು ಸಾಲು ಬರೆದಿದ್ದರೆ ಸಾಕಿತ್ತು. ಬರೆಯಲಿಲ್ಲ. ಕಾದಂಬರಿಗೂ ರಜೆಯಾ ಎಂದು ಸಾಹೇಬರು ನನ್ನನ್ನೇ ಗೇಲಿ ಮಾಡಿಯಾರೆಂಬ ಹೆದರಿಕೆ. ವಾರವಾರ ಈ ಅಂಕಣದಲ್ಲಿ ನಿಮಗೆ ಬರೆಯುವ ನಾನೇ ಹೀಗೆ! ಅರ್ಜಿ ವಾಪಸ್ ಬಂತು. ಮರುವರ್ಷವೂ ಅದೇ ಕಾರಣ ಬರೆದು ತಂದ. ಆಗಲೂ ಅಷ್ಟೇ.

ಕಳೆದ ತಿಂಗಳು ಅವನ ಅಮ್ಮ ತೀರಿಕೊಂಡರು. ಅರ್ಧ ಗಂಟೆಯಲ್ಲಿ ರಜೆ ಮಂಜೂರು ಮಾಡಿಸಿದೆ. ಹೋಗಿ ಮರಳಲು ಬೇಕಾದ ವೀಸಾ, ಟಿಕೆಟ್ ಎಂದು ನಾನೇ ಓಡಾಡಿದೆ. ಆಫೀಸಿನಲ್ಲಿ ಎಲ್ಲರೂ ನನ್ನನ್ನು ಹೊಗಳಿದರು.

ಅವನು ಎರಡೇ ವಾರಕ್ಕೆ ಮರಳಿ ಬಂದ. ಕಾದಂಬರಿ ಏನಾಯಿತು ಎಂದೆ. ಕೇಳಬಾರದಿತ್ತು.

“ಅರ್ಧ ನನ್ನ ಹತ್ತಿರ ಇದೆ. ಉಳಿದರ್ಧ ಅವಳ ಹತ್ತಿರ ಇತ್ತು” ಎಂದು ಟೆಂಡರ್ ಕಾಗದ ಹಿಡಿದು ಕೂತ. ಇನ್ನು ಬರೆಯುವುದಿಲ್ಲವಂತೆ. ಮೂರು ಪುಸ್ತಕ ಬರೆದವನ ಕೈ ನಮ್ಮ ಆಫೀಸಿನಲ್ಲಿ ನಿಂತುಹೋಯಿತು.

ಮನೆಯಲ್ಲಿ ಹೇಳಿದೆ. “ಒಂದು ಸಾಲು ಬರೀಲಿಕ್ಕೆ ನಿಮಗೆ ಎಂತ ಆಗಿತ್ತು?” ಎಂದಳು ಹೆಂಡತಿ.

ಏನೂ ಆಗಿರಲಿಲ್ಲ. ಅದಕ್ಕೇ ನಾಚಿಕೆ.

ತೀರಿಹೋದ ತಾಯಿಗೆ ಅರ್ಧ ಗಂಟೆಯಲ್ಲಿ ಕೊಡಿಸಿದ ರಜೆಯನ್ನು, ಬದುಕಿದ್ದ ತಾಯಿಗೆ ಎರಡು ವರ್ಷವಾದರೂ ಯಾಕೆ ಕೊಡಿಸಲಿಲ್ಲ?