ಬಾಗಿಲು ಬರುವ ತನಕ

ಅಪ್ಪಂದಿರು ಎಂದರೆ ಶನಿವಾರ ಸಂಜೆ ಬಂದು ಸೋಮವಾರ ನಸುಕಿಗೆ ಹೋಗುವವರು ಎಂದು ನಾನು ನಂಬಿಕೊಂಡಿದ್ದ ಕಾಲವದು. ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ನನಗೆ ಒಂಬತ್ತು ವರ್ಷ. ಕಟಪಾಡಿ ಪೇಟೆಯಿಂದ ಸಮುದ್ರದ ಕಡೆಗೆ ಒಂದು ಮೈಲಿ ನಡೆದರೆ ಸಿಗುವ ಅಜ್ಜಿಯ ಮನೆಯಲ್ಲಿ ನಾವಿದ್ದೆವು. ಅಮ್ಮ, ನಾನು, ನಾಲ್ಕು ವರ್ಷದ ತಂಗಿ ವಿಮಲ, ಜೊತೆಗೆ ಮಾವಂದಿರು, ಚಿಕ್ಕಮ್ಮಂದಿರು, ಅವರ ಮಕ್ಕಳು. ಊಟಕ್ಕೆ ಕೂತರೆ ಎರಡು ಪಂಕ್ತಿ ಆಗುತ್ತಿತ್ತು. ನಮ್ಮದು ಅಳಿಯಕಟ್ಟು. ಸಂತಾನ ಹೆಣ್ಣಿನಿಂದ ಮುಂದುವರಿಯುವುದು, ಮದುವೆಯಾದ ಹೆಣ್ಣುಮಕ್ಕಳು ತಾಯಿಯ ಮನೆಯಲ್ಲೇ ಉಳಿಯುವುದು. ಆ ಹೊತ್ತಿಗೆ ಊರಲ್ಲೆಲ್ಲ ಈ ಕಟ್ಟು ಸಡಿಲವಾಗಿತ್ತು. ಅಜ್ಜಿಯ ಹೊಸಿಲೊಳಗೆ ಮಾತ್ರ ಆಗಿರಲಿಲ್ಲ.

ಅಪ್ಪ ಪೆರ್ಡೂರಿನ ಕಡೆ ಒಂದು ಶಾಲೆಯಲ್ಲಿ ಮಾಸ್ಟ್ರು. ಶನಿವಾರದ ಅರ್ಧ ದಿನದ ಶಾಲೆ ಮುಗಿಸಿ, ಎರಡು ಬಸ್ಸು ಹತ್ತಿಳಿದು, ನೆಲಗಡಲೆಯ ಪೊಟ್ಟಣ ಹಿಡಿದುಕೊಂಡು ಬರುತ್ತಿದ್ದರು. ಅಜ್ಜಿ ಅವರಿಗೆ ದೊಡ್ಡ ಮಣೆ ಹಾಕಿಸಿ, ಬಂಗುಡೆ ಸಾರಿನಲ್ಲಿ ಒಳ್ಳೆಯ ತುಂಡುಗಳನ್ನೇ ಆರಿಸಿ ಬಡಿಸುತ್ತಿದ್ದರು. ಎದುರು ನಿಲ್ಲದೆ ಬಾಗಿಲ ಮರೆಯಿಂದಲೇ ಮಾತಾಡಿಸುತ್ತಿದ್ದರು. ಅಷ್ಟು ಮರ್ಯಾದೆ! ನನಗೆ ಆ ಮರ್ಯಾದೆ ಕಂಡರೇ ಸಿಟ್ಟು. ನೆಂಟರ ಹಾಗೆ ನೆಟ್ಟಗೆ ಕೂತ ಅಪ್ಪನ ಬೆನ್ನು ಹತ್ತುವುದು ಹೇಗೆ? ಎರಡು ದಿನ ಕಳೆದು ಅವರ ನಾಚಿಕೆ, ನನ್ನ ನಾಚಿಕೆ ಎರಡೂ ಕರಗುವ ಹೊತ್ತಿಗೆ ಸೋಮವಾರ ಬಂದಿರುತ್ತಿತ್ತು. ಎದ್ದು ನೋಡಿದರೆ ಗೂಟದಲ್ಲಿ ಅವರ ಚೀಲ ಇರುತ್ತಿರಲಿಲ್ಲ.

ಅಪ್ಪ ಶಾಲೆಯ ಹತ್ತಿರ ಒಂದು ತುಂಡು ಗುಡ್ಡ ಸಮ ಮಾಡಿಸಿ ಮನೆ ಕಟ್ಟಲು ಹೊರಟಾಗ ಅಜ್ಜಿ ಬೇಡ ಎನ್ನಲಿಲ್ಲ. ತಮ್ಮ ಹಿತ್ತಿಲಿನ ಹಲಸಿನ ಮರವನ್ನು ಕಡಿಸಿ, ಕೊಯ್ಯಿಸಿ, ಒಣಗಿಸಿ, "ಬಾಗಿಲಿಗೆ ಇದು ಆದೀತು" ಎಂದರು. ತಮ್ಮ ಮನೆಯ ಮರಗೆಲಸದ ವಾಸು ಆಚಾರಿಯನ್ನೂ ಅವರೇ ಗೊತ್ತು ಮಾಡಿದರು. ಆಚಾರಿ ಅಜ್ಜಿಯ ಅಂಗಳದಲ್ಲಿ ಬಾಗಿಲು ಮಾಡುವುದು, ಆದ ಮೇಲೆ ಲಾರಿಯಲ್ಲಿ ಪೆರ್ಡೂರಿಗೆ ಕಳಿಸುವುದು ಎಂದು ಮಾತಾಯಿತು. ಅಪ್ಪನಿಗೆ ಸಂತೋಷವೋ ಸಂತೋಷ. ಅತ್ತೆಯೇ ಬಾಗಿಲು ಕೊಟ್ಟ ಮೇಲೆ ಮತ್ತೆಂತ ಬೇಕು?

ಗೋಡೆ ಎದ್ದಿತು, ಹಂಚು ಬಿತ್ತು, ಬಾಗಿಲ ಚೌಕಟ್ಟಿನ ದಾರಂದಗಳು ನಿಂತವು. ಬಾಗಿಲು ಬರಲಿಲ್ಲ. ಆಚಾರಿ ನಮ್ಮ ಹಲಗೆಗೆ ಕೀಸುಳಿ ಹಿಡಿದ ದಿನವೇ ಅಜ್ಜಿಗೆ ಭತ್ತದ ಪತ್ತಾಯದ ಮುಚ್ಚಳ ನೆನಪಾಗುತ್ತಿತ್ತು. ಅದಾದರೆ ದನದ ಹಟ್ಟಿಯ ಗೊಂತು, ಗೊಂತಾದರೆ ಬಾವಿಯ ರಾಟೆ. ಅಪ್ಪ ಶನಿವಾರ ಬಂದು ಕೇಳಿದರೆ ಆಚಾರಿ ಕಿವಿಯ ಮೇಲಿನ ಪೆನ್ಸಿಲ್ ತೆಗೆದು ತಲೆ ಕೆರೆದುಕೊಂಡು, "ನಾಡಿದ್ದು ಮಾಸ್ಟ್ರೇ" ಎನ್ನುತ್ತಿದ್ದ. ಆಚಾರಿಗಳ ನಾಡಿದ್ದು ಯಾವ ಪಂಚಾಂಗದಲ್ಲೂ ಇಲ್ಲವೆಂದು ಊರಿಗೇ ಗೊತ್ತಿತ್ತು. ಹಾಗಾಗಿ ಯಾರಿಗೂ ಸಂಶಯ ಬರಲಿಲ್ಲ.

ಅಷ್ಟರಲ್ಲಿ ಧನು ತಿಂಗಳು ಹತ್ತಿರ ಬಂತು. ಧನು ಹೊಕ್ಕರೆ ಹೊಸ ಮನೆಗೆ ಒಕ್ಕಲು ಇಲ್ಲ, ಮದುವೆ ಇಲ್ಲ, ಶುಭಕಾರ್ಯ ಯಾವುದೂ ಇಲ್ಲ. "ಮತ್ತೆ ನೋಡುವ, ಅವಸರ ಎಂತ ಉಂಟು?" ಎಂದರು ಅಜ್ಜಿ. ಎಂದೂ ಎದುರಾಡದ ಅಪ್ಪ ಆ ದಿನ ಭಟ್ಟರ ಮನೆಗೆ ಹೋಗಿ, ಧನುವಿಗೆ ಮೂರು ದಿನ ಮೊದಲಿನ ಮುಹೂರ್ತ ಹಿಡಿದುಕೊಂಡೇ ಬಂದರು. ಮನೆ ಕಟ್ಟಿ ನೋಡು ಎಂದವರು ಬಾಗಿಲ ಸುದ್ದಿ ಎತ್ತಿಲ್ಲವಲ್ಲ!

ಒಕ್ಕಲಿನ ದಿನ ಬಾಗಿಲಿಲ್ಲದ ದಾರಂದಕ್ಕೆ ಮಾವಿನೆಲೆ ಕಟ್ಟಿ, ದನವನ್ನು ಒಳಗೆ ತಂದು, ಹಾಲು ಉಕ್ಕಿಸಿ, ನೂರು ಜನಕ್ಕೆ ಕಡಲೆಬೇಳೆ ಪಾಯಸ ಬಡಿಸಿದ್ದಾಯಿತು. ಊಟ ಮುಗಿದ ಮೇಲೆ ಅಜ್ಜಿ ಸೆರಗು ಸಿಕ್ಕಿಸಿಕೊಂಡು ಮನೆಯನ್ನು ಒಂದು ಸುತ್ತು ನೋಡಿದರು. ಗಾರೆ ಕಾಣದ ಕೆಂಪುಕಲ್ಲಿನ ಗೋಡೆ, ಬಡಿದು ಸಮ ಮಾಡಿದ ಮಣ್ಣಿನ ನೆಲ, ಸರಳು ಮಾತ್ರ ಇರುವ ಕಿಟಕಿ.

"ಶಾಸ್ತ್ರಕ್ಕೆ ಒಕ್ಕಲಾಯ್ತಲ್ಲ, ಇನ್ನು ಹೊರಡುವ" ಎಂದರು ಅಜ್ಜಿ. "ಬಾಗಿಲು ಆದ ಮೇಲೆ ಮಕ್ಕಳು ಬರಲಿ."

ಅಪ್ಪ ಮೆಲ್ಲಗೆ ಕೇಳಿದರು. "ಒಕ್ಕಲಾದ ಮನೆಯಲ್ಲಿ ಒಲೆ ಆರಬಾರದು, ದೀಪ ತಪ್ಪಬಾರದು ಅಂತ ನೀವೇ ಹೇಳುವುದಲ್ವಾ?"

ಹೇಳುವುದು ಅವರೇ. ಊರಿನ ಯಾರ ಒಕ್ಕಲಿಗೆ ಹೋದರೂ ಅದನ್ನು ಹೇಳದೆ ಅವರು ಎಲೆಯಡಿಕೆ ಬಾಯಿಗೆ ಹಾಕಿದವರಲ್ಲ. ತಾವು ಹಾಕಿದ ಗೆರೆಯನ್ನು ತಾವೇ ದಾಟಲಾಗದೆ ಅಜ್ಜಿ ಅಮ್ಮನ ಕಡೆ ನೋಡಿದರು. ಅಮ್ಮ ಪಾಯಸದ ಉರುಳಿ ತಿಕ್ಕುತ್ತ ತಲೆ ಎತ್ತದೆ, "ನನಗೇನೂ ಚಳಿ ಆಗುವುದಿಲ್ಲಮ್ಮ" ಎಂದಳು.

"ಸರಿ" ಎಂದರು ಅಜ್ಜಿ. "ಹದಿನೈದು ದಿನ ಬಿಟ್ಟು ಬರುತ್ತೇನೆ. ಘಟ್ಟದ ಬುಡದ ಗಾಳಿ ಇದು. ಮಕ್ಕಳ ಬಾಯಲ್ಲಿ ಒಂದೇ ಒಂದು ಕೆಮ್ಮು ಕೇಳಿದರೆ ಬಾಗಿಲು ಬರುವ ತನಕ ಕರ್ಕೊಂಡು ಹೋಗುವುದೇ. ಮತ್ತೆ ಯಾರೂ ಮಾತಾಡಬಾರದು."

ಸಮುದ್ರದ ಬದಿಯ ಅಜ್ಜಿಗೆ ಪೆರ್ಡೂರು ಎಂದರೆ ಹಿಮಾಲಯದ ಮೊದಲ ಮೆಟ್ಟಿಲು. ನಗಬೇಡಿ, ಬೆಳಗಿನ ಹೊತ್ತು ನಮಗೂ ಹಾಗೇ ಅನ್ನಿಸಿತು. ಅಂಗಳದ ತುದಿಯ ಗೇರುಮರ ಮಂಜಿನಲ್ಲಿ ಕಾಣುತ್ತಿರಲಿಲ್ಲ. ಮೂಡುಗಾಳಿ ಹಿಂದಿನ ದಾರಂದದಲ್ಲಿ ನುಗ್ಗಿ, ಅಡುಗೆಮನೆ, ಪಡಸಾಲೆ ಸುತ್ತಿ, ಮುಂದಿನ ದಾರಂದದಲ್ಲಿ ಹೊರಗೆ ಹೋಗುತ್ತಿತ್ತು. ಅಪ್ಪ ಶಾಲೆಯಿಂದ ಬಂದವರೇ ಅಂಗಿ ಕಳಚಿ ಮಡಲು ನೇಯಲು ಕೂತರು. ತೆಂಗಿನ ಗರಿಯನ್ನು ಸೀಳಿ ಒಂದರ ಕೆಳಗೊಂದು ಹಾಯಿಸುವುದನ್ನು ನಾನೂ ಕಲಿತೆ. ನಾನು ನೇಯ್ದ ಭಾಗದಲ್ಲಿ ಬೆಕ್ಕು ನುಗ್ಗುವಷ್ಟು ತೂತು ಇರುತ್ತಿತ್ತು. ಅಪ್ಪ ಅದನ್ನು ಬಿಚ್ಚದೆ ಮೇಲೊಂದು ಗೋಣಿಚೀಲ ಹೊಲಿಯುತ್ತಿದ್ದರು. ಎರಡು ಬಾಗಿಲಿಗೆ ಮಡಲಿನ ತಟ್ಟಿ, ಕಿಟಕಿಗಳಿಗೆ ಗೋಣಿ, ಮಲಗಲು ನೆಲಕ್ಕೆ ದಪ್ಪ ಬೈಹುಲ್ಲು, ಅದರ ಮೇಲೆ ಚಾಪೆ. ಮನೆಯೆಲ್ಲ ಹಸಿ ಕಲ್ಲಿನ, ಒಣ ಹುಲ್ಲಿನ ವಾಸನೆ.

ಎಂಥ ದಿನಗಳವು! ಬಾಗಿಲಿಲ್ಲದ ಮನೆಯಲ್ಲಿ ಓಡುವುದಕ್ಕೆ ಕೊನೆಯೆಂಬುದಿಲ್ಲ. ನಾನು, ವಿಮಲ ಮುಂದಿನ ತಟ್ಟಿ ಸರಿಸಿ ನುಗ್ಗಿದರೆ ಹಿಂದಿನಿಂದ ಹೊರಬಿದ್ದು, ಮನೆಗೆ ಸುತ್ತು ಹಾಕಿ ಮತ್ತೆ ಮುಂದಿನಿಂದ ಬರುತ್ತಿದ್ದೆವು. ಪಕ್ಕದ ಮನೆಯ ಗಿರಿಜಕ್ಕನ ಹೇಂಟೆ ದಿನಾ ಬಂದು ಅಪ್ಪನ ಪುಸ್ತಕದ ಪೆಟ್ಟಿಗೆಯಲ್ಲಿ ಮೊಟ್ಟೆ ಇಡುತ್ತಿತ್ತು. ಮೊಟ್ಟೆ ಹೆಕ್ಕಲು ಬಂದ ಗಿರಿಜಕ್ಕ ಒಂದನ್ನು ಒಯ್ದು ಒಂದನ್ನು ಬಿಟ್ಟು ಹೋಗುತ್ತಿದ್ದಳು. ಬಚ್ಚಲಿನ ಹಂಡೆಯ ಒಲೆಯಲ್ಲಿ ಗೆಣಸು ಸುಟ್ಟು, ಊದಿ ಊದಿ, ಕೆಂಡದ ಎದುರೇ ಕೂತು ತಿನ್ನುವುದು. ಕುಚ್ಚಲಕ್ಕಿ ಗಂಜಿಗೆ ಸುಟ್ಟ ಒಣಮೀನು. ಕೆಂಪುಕಲ್ಲಿನ ಗೋಡೆಗೆ ಒರಗಿ ಒರಗಿ ನಮ್ಮ ಫ್ರಾಕುಗಳ ಬೆನ್ನು ಕಾವಿ ಬಣ್ಣಕ್ಕೆ ತಿರುಗಿತು. "ಇಬ್ಬರು ಸನ್ಯಾಸಿನಿಯರು ಬಂದ್ರು" ಎಂದು ಅಮ್ಮ ನಗುತ್ತಿದ್ದಳು. ಅಮ್ಮ ಅಷ್ಟು ದೊಡ್ಡದಾಗಿ ನಗುವವಳೆಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಎಲ್ಲಕ್ಕಿಂತ ಹೆಚ್ಚಾಗಿ ಅಲ್ಲಿ ಮಂಗಳವಾರ ಅಪ್ಪ ಇದ್ದರು. ಬುಧವಾರವೂ ಇದ್ದರು. ಗುರುವಾರ ಅವರು ಹಲ್ಲುಜ್ಜುತ್ತ, ಬಾಯಲ್ಲಿ ನೊರೆ ತುಂಬಿಕೊಂಡೇ ನನಗೆ ಹನ್ನೆರಡರ ಮಗ್ಗಿ ಕೇಳಿದರು. ಮಗ್ಗಿ ತಪ್ಪಿತು, ಕಿವಿ ಹಿಂಡಿದರು. ಶನಿವಾರದ ಅಪ್ಪ ಎಂದೂ ನನ್ನ ಕಿವಿ ಹಿಂಡಿದವರಲ್ಲ. ಆ ಕೆಂಪು ಕಿವಿಯನ್ನು ನಾನು ಗಿರಿಜಕ್ಕನಿಗೆ ಹೆಮ್ಮೆಯಿಂದ ತೋರಿಸಿ ಬಂದೆ.

ಹದಿನಾಲ್ಕನೆಯ ದಿನ ನನ್ನ ಗಂಟಲು ಕೆರೆಯತೊಡಗಿತು.

ಅಮ್ಮ ಕರಿಮೆಣಸು, ಶುಂಠಿ, ಬೆಲ್ಲ ಹಾಕಿ ಕಷಾಯ ಕಾಯಿಸಿದಳು. ಅಪ್ಪ ತಟ್ಟಿಗೆ ಮೂರನೆಯ ಗೋಣಿ ಹೊಲಿದರು. ಬೆಳಿಗ್ಗೆ ಎದ್ದಾಗ ಕೆಮ್ಮು ಎದೆಗಿಳಿದಿತ್ತು. ಅದೇ ಅಜ್ಜಿ ಬರುವ ದಿನ, ಭಾನುವಾರ. "ಅಕ್ಕನಿಗೆ ಕೆಮ್ಮು ಅಂತ ಹೇಳಬಾರದು ಆಯ್ತಾ?" ಎಂದು ವಿಮಲಳಿಗೆ ಬೆಲ್ಲದ ತುಂಡು ಕೊಟ್ಟು ಬಾಯಿಗೆ ಬೀಗ ಹಾಕಿದೆ. ನನ್ನ ಬಾಯಿಗೆ ಶುಂಠಿಯ ಚೂರು.

ಹತ್ತು ಗಂಟೆಯ ಬಸ್ಸಿನಿಂದ ಅಜ್ಜಿ ಇಳಿದರು. ಹಿಂದೆ ವಾಸು ಆಚಾರಿ, ಅವನ ತಲೆಯ ಮೇಲೆ ಒಂದು ಮೂಟೆ. ಮೂಟೆಯಲ್ಲಿ ನಾಲ್ಕು ಕಂಬಳಿ, ತೆಂಗಿನೆಣ್ಣೆ, ಹಲಸಿನ ಹಪ್ಪಳ. "ದಾರಂದದ ಅಳತೆ ಇನ್ನೊಮ್ಮೆ ನೋಡಬೇಕಂತೆ ಇವನಿಗೆ" ಎನ್ನುತ್ತ ಅಜ್ಜಿ ತಟ್ಟಿ ಸರಿಸಿ ಒಳಗೆ ಬಂದು, ನಮ್ಮಿಬ್ಬರ ಹಣೆ ಮುಟ್ಟಿ, ಅಡುಗೆಮನೆಯಲ್ಲಿ ಕೂತರು. ಕಣ್ಣು ನಮ್ಮ ಬಾಯಿಯ ಮೇಲೆ. ಕೆಮ್ಮು ಮೇಲೆ ಬಂದಾಗಲೆಲ್ಲ ನಾನು ನೀರು ಕುಡಿದೆ, ಇಲ್ಲವೇ ಹಿತ್ತಿಲಿಗೆ ಓಡಿ ಗೇರುಮರದ ಬುಡದಲ್ಲಿ ಕೆಮ್ಮಿ ಬಂದೆ. "ಈ ಹುಡುಗಿಗೆ ಎಂತ ಇಷ್ಟು ಬಾಯಾರಿಕೆ?" ಎಂದರು ಅಜ್ಜಿ. ಅಮ್ಮ ಕಾಫಿ ಸೋಸುತ್ತಿದ್ದ ಬಟ್ಟೆಯನ್ನು ಎರಡೆರಡು ಸಲ ಹಿಂಡಿದಳು.

ಹೀಗೆ ಒಮ್ಮೆ ಹಿತ್ತಿಲಿನಿಂದ ಸುತ್ತಿ ಬರುವಾಗ ಮುಂದಿನ ಜಗಲಿಯಲ್ಲಿ ಮಾತು ಕೇಳಿಸಿತು. ಆಚಾರಿ ದಾರಂದಕ್ಕೆ ಕೋಲು ಹಿಡಿದು ಅಳೆದಂತೆ ಮಾಡುತ್ತ, ತಗ್ಗಿದ ದನಿಯಲ್ಲಿ ಅಪ್ಪನಿಗೆ ಹೇಳುತ್ತಿದ್ದ.

"ಸುಳ್ಳು ಹೇಳಿ ಹೇಳಿ ನನಗೆ ಅನ್ನ ಸೇರುವುದಿಲ್ಲ ಮಾಸ್ಟ್ರೇ. ಬಾಗಿಲು ಆಗಿ ಹತ್ತು ದಿನ ಆಯ್ತು. ನಿಮ್ಮ ಅತ್ತೆಯವರು ಕಳಿಸಲಿಕ್ಕೆ ಬಿಡುವುದಿಲ್ಲ. ಅಂಗಳದಲ್ಲಿ ಮಲಗಿಸಿ ಅದರ ಮೇಲೆ ಕೊಬ್ಬರಿ ಒಣಗಿಸ್ತಾ ಇದ್ದಾರೆ."

ಅಪ್ಪ ತಟ್ಟಿಯ ಗೋಣಿಯನ್ನು ಎಳೆದು ಸರಿ ಮಾಡಿದರು. ಆಮೇಲೆ, "ಈ ಮಾತು ಇಲ್ಲಿಗೇ ಇರಲಿ ಮಾರಾಯ" ಎಂದರು. "ಒಳಗೆ ಗೊತ್ತಾಗುವುದು ಬೇಡ. ಅವರಿಗೆ ಬೇಸರ ಆಗ್ತದೆ."

ಅಪ್ಪನ ದೊಡ್ಡತನ ನನಗೆ ಬರಲಿಲ್ಲ. ಮೈಯೆಲ್ಲ ಉರಿಯಿತು. ಚಳಿಯಲ್ಲಿ ನಾನು ಕೆಮ್ಮು ನುಂಗುವುದು, ನಮ್ಮ ಬಾಗಿಲಿನ ಮೇಲೆ ಇವರ ಕೊಬ್ಬರಿ ಬಿಸಿಲು ಕಾಯುವುದು! ಅಡುಗೆಮನೆಗೆ ನುಗ್ಗಿದವಳೇ ಅಜ್ಜಿಯ ಎದುರು ಸೊಂಟಕ್ಕೆ ಕೈ ಕೊಟ್ಟು ನಿಂತೆ. "ಅಜ್ಜೀ, ನೀವು ನಮ್ಮ ಬಾಗಿಲು..." ಎಂದು ಬಾಯಿ ತೆರೆದದ್ದೇ ತಡ, ಬೆಳಗಿನಿಂದ ತಡೆದದ್ದೆಲ್ಲ ಒಟ್ಟಿಗೆ ನುಗ್ಗಿ ಬಂತು. ಕೆಮ್ಮಿದೆ. ಕಣ್ಣಲ್ಲಿ ನೀರು ಬರುವಷ್ಟು ಕೆಮ್ಮಿದೆ. ಶುಂಠಿಯ ಚೂರು ಹಾರಿ ಅಜ್ಜಿಯ ಮಡಿಲಲ್ಲಿ ಬಿತ್ತು.

"ನಾನು ಹೇಳಲಿಲ್ಲ ಅಕ್ಕಾ!" ಎಂದಳು ವಿಮಲ.

ಅಮ್ಮ ಒಲೆಯ ಎದುರು ಹಾಗೇ ನಿಂತುಬಿಟ್ಟಳು. ಕೆಮ್ಮು ಕೇಳಿ ಅಪ್ಪ, ಆಚಾರಿ ಇಬ್ಬರೂ ಒಳಗೆ ಬಂದರು. ಅಜ್ಜಿ ಆ ಶುಂಠಿಯ ಚೂರನ್ನು ಎತ್ತಿ ನೋಡಿದರು.

"ಯಾವಾಗಿನಿಂದ ತಡೆದದ್ದು?"

"ಬೆಳಿಗ್ಗೆಯಿಂದ."

"ಯಾಕೆ?"

"ನೀವು ಕರ್ಕೊಂಡು ಹೋಗ್ತೀರಲ್ವಾ."

"ನನ್ನ ಮನೆಗೆ ಬರಲಿಕ್ಕೆ ನಿನಗೆ ಅಷ್ಟು ಹೆದರಿಕೆಯಾ ಮಗಾ?"

ಅಜ್ಜಿಯ ದನಿ ಹಾಗೆ ಸಣ್ಣದಾದದ್ದನ್ನು ನಾನು ಕೇಳಿರಲಿಲ್ಲ. ನನ್ನ ಸಿಟ್ಟು ಎಲ್ಲಿ ಹೋಯಿತೋ. "ಹೆದರಿಕೆ ಅಲ್ಲ ಅಜ್ಜಿ" ಎಂದೆ. "ಅಲ್ಲಿ ಅಪ್ಪ ಶನಿವಾರ ಮಾತ್ರ ಇರುವುದು."

ಅಜ್ಜಿ ನನ್ನನ್ನು ಎಳೆದು ಮಡಿಲಲ್ಲಿ ಕೂರಿಸಿಕೊಂಡರು. ತಾವು ತಂದ ತೆಂಗಿನೆಣ್ಣೆಯನ್ನು ಅಂಗೈಯಲ್ಲಿ ಬೆಚ್ಚಗೆ ಮಾಡಿ ಎದೆಗೆ, ಬೆನ್ನಿಗೆ ತಿಕ್ಕತೊಡಗಿದರು. ನಾನು ಮತ್ತೆ ಉಸಿರು ಬಿಗಿಹಿಡಿದೆ.

"ಕೆಮ್ಮು ಮಗಾ, ಕೆಮ್ಮು" ಎಂದರು. "ಯಾರೂ ಕರ್ಕೊಂಡು ಹೋಗುವುದಿಲ್ಲ."

ಆಮೇಲೆ ತಲೆ ಎತ್ತದೆಯೇ, ಎಲ್ಲರಿಗೂ ಕೇಳುವಂತೆ, "ಕೊಬ್ಬರಿ ಒಣಗಿತು ಆಚಾರೀ. ನಾಳೆಯೇ ಬಾಗಿಲು ಲಾರಿಗೆ ಹಾಕುವ" ಎಂದರು.

ಅಪ್ಪ ನೆಲ ನೋಡಿದರು. ಆಚಾರಿ ಹಂಚು ನೋಡಿದ. ಅಮ್ಮನಿಗೆ ಮಾತ್ರ ಕೊಬ್ಬರಿಯ ಸುದ್ದಿ ಗೊತ್ತಿರಲಿಲ್ಲ. "ಕೊಬ್ಬರಿಗೂ ಬಾಗಿಲಿಗೂ ಎಂತ?" ಎಂದು ಕೇಳಿದಳು. ಮೊದಲು ನಕ್ಕದ್ದು ಅಜ್ಜಿಯೇ. ನಗುತ್ತಲೇ ಸೆರಗಿನಿಂದ ಕಣ್ಣು ಒರೆಸಿಕೊಂಡರು.

ಮರುದಿನ ಎರಡೂ ಬಾಗಿಲು ಬಂದವು. ಆಚಾರಿ ಎರಡು ದಿನ ನಿಂತು ಕೂರಿಸಿದ. ತಿಂಗಳುಗಟ್ಟಲೆ ಅವುಗಳಿಗೆ ಕೊಬ್ಬರಿಯ ವಾಸನೆ ಇತ್ತು, ಇರುವೆಗಳು ಸಾಲು ಕಟ್ಟಿ ಹತ್ತುತ್ತಿದ್ದವು. ಮೊದಲ ಸಲ ಬಾಗಿಲು ಹಾಕಿಕೊಂಡ ಸಂಜೆ ಮನೆ ಬೆಚ್ಚಗಾಯಿತು. ಗಿರಿಜಕ್ಕನ ಹೇಂಟೆ ಹೊರಗೆ ನಿಂತು ತುಂಬ ಹೊತ್ತು ಬೈಯಿತು.

ಆ ಬಳಿಕ ಕಟಪಾಡಿಗೆ ನಾವು ರಜೆಯಲ್ಲಿ ಹೋಗತೊಡಗಿದೆವು. ಅಜ್ಜಿ ನಮಗೂ ದೊಡ್ಡ ಮಣೆ ಹಾಕಿಸಿ ಒಳ್ಳೆಯ ತುಂಡು ಬಡಿಸತೊಡಗಿದರು. ನೆಂಟರಾದೆವು. ಅದು ನನಗೆ ಅರ್ಥವಾಗಲು ಕೆಲವು ವರ್ಷ ಹಿಡಿಯಿತು, ಅರ್ಥವಾದಾಗ ಅಳು ಬಂತು. ಅಜ್ಜಿ ಹೋಗಿ ಈಗ ಎಷ್ಟೋ ಕಾಲವಾಯಿತು.

ಆಮೇಲೆ ನಾನು ಎಷ್ಟು ಮನೆ ಬಿಟ್ಟೆ, ಎಷ್ಟು ಊರು ಬಿಟ್ಟೆ. ಎಲ್ಲ ಕಡೆಯೂ ಜನ ಒಳ್ಳೆಯವರೇ. ಹೊರಟೆ ಎಂದರೆ ಪೆಟ್ಟಿಗೆ ಎತ್ತಿ ಕೊಟ್ಟರು, ರಿಕ್ಷಾ ಕರೆದು ತಂದರು, ಹೋದ ಕೂಡಲೇ ಫೋನ್ ಮಾಡಿ ಎಂದರು. ಹೋಗಬೇಡ ಎಂದು ಬಾಯಿಬಿಟ್ಟು ಹೇಳಲಾಗದೆ ಪತ್ತಾಯ, ಗೊಂತು, ರಾಟೆ ಎಂದು ನೆಪ ಹುಡುಕಿ, ನನಗಾಗಿ ಅಷ್ಟೆಲ್ಲ ಸುಳ್ಳು ಹೇಳುವವರು ಮತ್ತೆ ಒಬ್ಬರೂ ಸಿಗಲಿಲ್ಲ.