ಚೀಲದಲ್ಲಿದ್ದ ಹೊಗೆಸೊಪ್ಪು

ಪೆರ್ಲ ಪೇಟೆಯ ನನ್ನ ಟೈಲರಿಂಗ್ ಅಂಗಡಿಯಿಂದ ಹೊಲಿಗೆ ಮೆಷಿನನ್ನು ಹೊತ್ತೊಯ್ದು ಪುತ್ತೂರಿನಲ್ಲಿ ಮಾರಿದವನು ನನ್ನ ಸ್ವಂತ ತಮ್ಮ. ಅದೂ ಹಾಡುಹಗಲೇ, ತಾನು ಓಡಿಸುವ ಆಟೋದಲ್ಲಿ. ಕೇಳಿದವರಿಗೆ ಅಕ್ಕ ರಿಪೇರಿಗೆ ಕೊಟ್ಟದ್ದು ಎಂದನಂತೆ. ದೂರು ಕೊಟ್ಟವಳು ನಾನೇ. ಪೊಲೀಸರು ಹಿಡಿದಾಗ ಅವನ ಜೇಬಿನಲ್ಲಿ ಚಿಟಿಕೆಯಷ್ಟು ಎಂಡಿಎಂಎ ಎಂಬ ಅಮಲಿನ ಪುಡಿಯೂ ಸಿಕ್ಕಿತು.

ನನಗೆ ಸಿಟ್ಟು ಮೂಗಿನ ತುದಿಯಲ್ಲೇ. "ಒಳಗೆ ಹಾಕಿ ಸಾರ್, ಬುದ್ಧಿ ಬರ್ಲಿ. ಮನಸ್ಸು ಮಾಡಿದ್ರೆ ಅಮಲು ಬಿಡ್ಲಿಕ್ಕೆ ಆಗುದಿಲ್ವಾ?" ಎಂದು ಠಾಣೆಯಲ್ಲಿ ಕೂಗಾಡಿದ್ದೆ. ಇಂಥವರಿಗೆ ವರ್ಷಗಟ್ಟಲೆ ಜೈಲಾಗಬೇಕು ಎಂದು ಪೇಟೆಯಲ್ಲಿ ಎಲ್ಲರೂ ಹೇಳುತ್ತಿದ್ದರು. ಎಲ್ಲರಿಗಿಂತ ಜೋರಾಗಿ ನಾನು ಹೇಳುತ್ತಿದ್ದೆ.

ಕೋರ್ಟಿನಲ್ಲಿ ಅವನು ತಪ್ಪೊಪ್ಪಿಕೊಂಡ. ಅಮಲು ಬಿಡಿಸುವ ಕೇಂದ್ರದಲ್ಲಿ ಚಿಕಿತ್ಸೆ ಪೂರ್ತಿ ಮಾಡಿ ವರದಿ ತರಬೇಕು, ತಪ್ಪಿದರೆ ಜೈಲು ಎಂದು ಆದೇಶವಾಯಿತು. ಜಾಮೀನಿಗೆ ಯಾರಿದ್ದಾರೆ ಎಂದು ಕೇಳಿದಾಗ ತಲೆ ತಗ್ಗಿಸಿ ನಿಂತ. ಸಣ್ಣವನಿರುವಾಗ ಅಂಗಿ ಹರಿದುಕೊಂಡು ಬಂದು ಹೀಗೆಯೇ ನಿಲ್ಲುತ್ತಿದ್ದ. ನಾನೇ ಹೋಗಿ ಸಹಿ ಹಾಕಿದೆ.

ಮೊದಲ ಭೇಟಿಯ ದಿನ ಕೇಂದ್ರಕ್ಕೆ ನೀರುದೋಸೆ ಕಟ್ಟಿಕೊಂಡು ಹೋದೆ. ನಮ್ಮಲ್ಲಿ ತಿಂಡಿ ಕೊಟ್ಟು ಎಲೆಯಡಿಕೆ ಕೊಡದೆ ಎಬ್ಬಿಸುವ ಕ್ರಮವಿಲ್ಲ. ಅದಕ್ಕೆ ಎಲೆ, ಅಡಿಕೆ, ಸುಣ್ಣ, ಜೊತೆಗೊಂದು ತುಂಡು ಹೊಗೆಸೊಪ್ಪನ್ನೂ ಚೀಲದಲ್ಲಿಟ್ಟಿದ್ದೆ. ಚೀಲ ಪರೀಕ್ಷಿಸಿದ ಮಲಯಾಳಿ ಕೌನ್ಸೆಲರ್ ಹೊಗೆಸೊಪ್ಪನ್ನು ಎತ್ತಿ ಹಿಡಿದಳು.

"ಎಂತ ಚೇಚಿ ಇದು? ಅಮಲು ಬಿಡಿಸುವಲ್ಲಿಗೆ ಅಮಲು ತಂದದ್ದಾ? ಇದನ್ನು ಇವರ ಫೈಲಿನಲ್ಲಿ ಬರೀಬೇಕಾಗ್ತದೆ."

ತಮ್ಮನ ಮುಖ ಬಿಳಿಚಿಕೊಂಡಿತು. ಫೈಲು ಕೋರ್ಟಿಗೆ ಹೋಗುವಂಥದ್ದು.

"ಅಯ್ಯೋ, ತಪ್ಪು ನಂದು! ನಾನು ದಿನಾ ತಿನ್ನುದು, ಅದು ಅಮಲು ಅಂತ ತಲೆಗೇ ಹೋಗ್ಲಿಲ್ಲ. ಬರೀಬೇಡ ಮಾರಾಯ್ತಿ, ಬೇಕಾದ್ರೆ ನಾನೂ ಬಿಡ್ತೇನೆ. ಅದೇನು ದೊಡ್ಡ ವಿಷಯ!"

ಅವಳು ನಕ್ಕು ಪೆನ್ನು ಮುಚ್ಚಿದಳು.

ಹೊಗೆಸೊಪ್ಪು ಬಿಟ್ಟ ಮೊದಲ ದಿನ ತಲೆ ಸಿಡಿಯಿತು. ಎರಡನೆಯ ದಿನ ಯಾರದೋ ರವಕೆಗೆ ಎಡಗೈಯ ತೋಳನ್ನೇ ಎರಡು ಕತ್ತರಿಸಿಟ್ಟೆ. ಮೂರನೆಯ ದಿನ ಅಂಗಡಿಯ ಕಸದ ಬುಟ್ಟಿಗೆ ಕೈಹಾಕಿ, ಬಟ್ಟೆಚೂರುಗಳ ಅಡಿಯಿಂದ ನಾನೇ ಎಸೆದಿದ್ದ ಹೊಗೆಸೊಪ್ಪನ್ನು ಹುಡುಕಿ ಬಾಯಿಗೆ ಹಾಕಿಕೊಂಡೆ. ಆಮೇಲೆ ನಾಚಿಕೆಯಿಂದ ಅತ್ತೆ.

ಮುಂದಿನ ಭೇಟಿಯಲ್ಲಿ ತಮ್ಮನಿಗೆ ಹೇಳದೆ ಇರಲಾಗಲಿಲ್ಲ. "ಮೂರೇ ದಿನ ಮಾರಾಯ. ನನ್ನಿಂದ ಆಗ್ಲಿಲ್ಲ."

ನಗುತ್ತಾನೆ ಅಂದುಕೊಂಡಿದ್ದೆ. ನಗಲಿಲ್ಲ. ಅವನ ಚಿಕಿತ್ಸೆಯೇ ಇನ್ನೂ ಎರಡು ತಿಂಗಳು ಬಾಕಿಯಿತ್ತು. ಎದ್ದು ಬಂದು ನನ್ನ ಪಕ್ಕದಲ್ಲಿ ಕೂತ.

"ಎರಡು ದಿನ ಆದ್ರೂ ಇದ್ದಿಯಲ್ಲ ಅಕ್ಕ. ಇವತ್ತಿಂದ ಪುನಃ ಸುರು ಮಾಡು. ತಡೀಲಿಕ್ಕೆ ಆಗದಿದ್ರೆ ನನಗೆ ಹೇಳು, ಇಲ್ಲಿ ಸಂಜೆ ಫೋನ್ ಕೊಡ್ತಾರೆ."

ಬೈಯಲಿಲ್ಲ, ಬುದ್ಧಿ ಹೇಳಲಿಲ್ಲ. ಅವನು ಸಿಕ್ಕಿಬಿದ್ದ ದಿನ ಠಾಣೆಯ ಬೆಂಚಿನಲ್ಲಿ ನಡುಗುತ್ತ ಕೂತಿದ್ದಾಗ, ಒಂದು ಲೋಟ ನೀರು ಬೇಕಾ ಎಂದೂ ನಾನು ಕೇಳಿರಲಿಲ್ಲ.